2075ರ ಟಿಕೋಟಾದಾಗ ಯಾರ್ಯಾರು ಇರ್ತಾರ?



ಹೋದ ವಾರ ಇಲ್ಲಿ ನಾಲ್ಕು ಸಾಲು ಬರೆದಿದ್ದೆ. ಮುಂದಿನ ಕಾಲದ ಕಥೆ ಹೇಳುವ ವೈಜ್ಞಾನಿಕ ಸೀರಿಯಲ್‌ಗಳಲ್ಲಿ ಗೇ ಪಾತ್ರಗಳು ಎಷ್ಟು ತಡವಾಗಿ ಬಂದವು, ಬಂದ ಮೇಲೆ ಎಷ್ಟು ಲಗೂನ ಸತ್ತವು ಅಂತ. ಬೈಗುಳ ಸರಿಯಾಗಿ ಬಿತ್ತು. ಬ್ಯಾರೆಯವರದಲ್ಲ, ನಮ್ಮವರದ. "ಅಣ್ಣಾರ, ನಮ್ಮೂರಾಗ ಹೆಣ ಹೂಳಾಕ ಜಾಗ ಇಲ್ಲ, ನೀವು ಆಕಾಶದಾಗಿನ ಹಡಗದ ಕಥಿ ಹೇಳಾಕ್ಹತ್ತೀರಿ" ಅಂತ ಒಬ್ಬ ತಮ್ಮ. ಚಳವಳಿಯಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರೊಬ್ಬರು ಫೋನ್ ಮಾಡಿ, "ತಮ್ಮಾ, ಇದು ದೊಡ್ಡೂರ ಮಂದಿ ಚಾಳಿ, ನಮ್ಮ ಕೇರಿಗೆ ತರಬ್ಯಾಡ" ಅಂದರು. ಅವರ ಬಗ್ಗೆ ನನಗಿರುವ ಗೌರವ ಎಲ್ಲಿಗೂ ಹೋಗಂಗಿಲ್ಲ. ಆದರೆ ಈ ಮಾತನ್ನ ಒಪ್ಪಾಕ ಆಗಂಗಿಲ್ಲ. ಇವತ್ತು ಎರಡನೇ ಶನಿವಾರ, ಆಫೀಸಿಗೆ ರಜೆ. ಪೂರ್ತಿ ಬರೀತೀನಿ. ಉದ್ದ ಆಗ್ತದ, ಪುರಸೊತ್ತು ಇದ್ದಾಗ ಓದ್ರಿ.

ಮೊದಲು ಒಂದು ಪದದ ವಿಚಾರ. ಪತ್ರಿಕೆಯವರು "ಸಲಿಂಗಕಾಮಿ" ಅಂತ ಬರೀತಾರ. ಗಂಡು ಹೆಣ್ಣು ಕೂಡಿದರೆ "ಪ್ರೇಮಿಗಳು", ಗಂಡು ಗಂಡು ಕೂಡಿದರೆ "ಕಾಮಿಗಳು". ನಮ್ಮನ್ನ ಕರೆಯೋ ಹೆಸರುಗಳನ್ನ ಶತಮಾನಗಟ್ಟಲೆ ಬ್ಯಾರೆಯವರು ಇಟ್ಟುಕೊಂಡು ಬಂದಾರ, ಹಂಗಾಗಿ ಇದರ ವಿಷ ನಮಗ ಬಿಡಿಸಿ ಹೇಳಬೇಕಾಗಿಲ್ಲ. ಆ ಹುಡುಗರು ತಮ್ಮನ್ನ ತಾವು ಗೇ ಅಂತ ಕರಕೊಳ್ತಾರ. ನಾನೂ ಹಂಗ ಬರೀತೀನಿ.

ಈ ವಿಚಾರ ನನಗ ಎಲ್ಲಿಂದ ಅಂಟಿಕೊಂಡಿತು ಅಂತ ಕೇಳಿದ್ರಿ. ಬಬಲೇಶ್ವರ ಕಡೆಯ ಒಬ್ಬ ಹುಡುಗನಿಂದ. ಹೆಸರು, ಊರು ಹೇಳಂಗಿಲ್ಲ. ಕೇರಿಯವನ. ನಮ್ಮ ಓದೋ ಬಳಗಕ್ಕ ಬರ್ತಿದ್ದ. ತಹಶೀಲ್ದಾರರಿಗೆ ಅರ್ಜಿ ಬರೆಯೋದ್ರಾಗ ಅವನ ಮುಂದ ಯಾರೂ ನಿಲ್ತಿರಲಿಲ್ಲ. ದಿನಾ ಕಡತ ನೋಡೋ ನಾನs ಅವನ ಅರ್ಜಿ ಓದಿ ಒಂದು ಅಕ್ಷರ ತಿದ್ದದ ಬಿಟ್ಟಿದ್ದೀನಿ. ಒಂದು ದಿನ ಟಿಕೋಟಾದಾಗ ಸಭೆ ಮುಗಿಸಿ ವಿಜಯಪುರಕ್ಕ ಬಸ್ಸಿನಾಗ ಬರಬೇಕಾದ್ರ ಅವನ ಹೇಳಿದ: "ಅಣ್ಣಾರ, ಮನ್ಯಾಗ ಕನ್ಯಾ ನೋಡಾಕ್ಹತ್ತಾರ. ನಾ ಹೆಂಗ ಅದೀನಿ ಅಂತ ನಿಮಗ ಗೊತ್ತ ಐತಿ. ಮದುವಿ ಆಗಂಗಿಲ್ಲ ಅಂತ ಹೇಳಬಹುದು, ಹೊಡಿಸ್ಕೋಬಹುದು. ಆದ್ರ ಆಮ್ಯಾಲೆ ಏನು? ನಲವತ್ತು ವರ್ಷದ ನಾನು, ಅರವತ್ತು ವರ್ಷದ ನಾನು ಹೆಂಗ ಇರ್ತೀನಿ, ಯಾರ ಜೋಡಿ ಕುಂತು ರೊಟ್ಟಿ ತಿಂತೀನಿ, ಒಂದು ಚಿತ್ರಾನೂ ಕಣ್ಣ ಮುಂದ ಬರಂಗಿಲ್ಲ. ಹಂಗ ಬದುಕಿ ಮುದುಕ ಆದವನ್ನ ನಾ ಒಬ್ಬನ್ನೂ ನೋಡಿಲ್ಲ."

ಇದನ್ನ ಎರಡು ಸಲ ಓದ್ರಿ. ಅವನು ಹೆದರಿದ್ದು ಏಟಿಗಲ್ಲ. ಮುಂದಿನ ಕಾಲದಾಗ ತಾನು ಕಾಣಿಸ್ತಾ ಇಲ್ಲ ಅನ್ನೋದಕ್ಕ.

ಅದ ಬಸ್ಸಿನಾಗ ಮೊಬೈಲ್ ತೆಗೆದು ಒಂದು ಕಂತು ತೋರಿಸಿದ. "ದಿ ಲಾಸ್ಟ್ ಆಫ್ ಅಸ್" ಅನ್ನೋ ಅಮೆರಿಕದ ಸೀರಿಯಲ್, 2023ರದು. ಒಂದು ಅಣಬೆ ರೋಗ ಬಂದು ಜಗತ್ತ ಹಾಳಾಗಿರ್ತದ. ಮೂರನೇ ಕಂತಿನೊಳಗ ಬಿಲ್ ಅನ್ನೋ ಒಬ್ಬ ಒರಟ ಮನುಷ್ಯ, ಊರ ಸುತ್ತ ಬೇಲಿ ಹಾಕಿಕೊಂಡು ಒಬ್ಬನ ಇರ್ತಾನ. ಫ್ರಾಂಕ್ ಅನ್ನೋನು ಅವನ ಗುಂಡಿಗೆ ಬೀಳ್ತಾನ, ಊಟ ಮಾಡ್ತಾನ, ಅಲ್ಲೇ ಉಳೀತಾನ. ಕಂತಿನ ಉಳಿದ ಭಾಗ ಪೂರ್ತಿ ಆ ಇಬ್ಬರ ಸಂಸಾರ. ಜಗಳ ಮಾಡ್ತಾರ, ಬಣ್ಣ ಹಚ್ಚಾಕ ಕಿತ್ತಾಡ್ತಾರ. ಫ್ರಾಂಕ್ ಕದ್ದು ಒಂದು ಪಿಸ್ತೂಲು ಕೊಟ್ಟು ಸ್ಟ್ರಾಬೆರಿ ಬೀಜ ತಂದು, ಬೆಳೆದು, ಬಿಲ್‌ಗೆ ತಿನ್ನಿಸ್ತಾನ. ಇಬ್ಬರೂ ಮುದುಕರಾಗ್ತಾರ. ಒಬ್ಬನಿಗೆ ಜಡ್ಡು ಬರ್ತದ, ಇನ್ನೊಬ್ಬ ಗುಳಿಗೆ ಕೊಡ್ತಾನ, ಗಾಲಿ ಕುರ್ಚಿ ನೂಕತಾನ. ಕೊನೆಗೆ ಇಬ್ಬರೂ ತಾವ ಆರಿಸಿಕೊಂಡ ದಿನ ಸಾಯ್ತಾರ. ದ್ರಾಕ್ಷಿ ತೋಟದಾಗ ಕೂಲಿ ಮಾಡಿ ಬೆಳೆದ ಹುಡುಗ ಆ ಸ್ಟ್ರಾಬೆರಿ ದೃಶ್ಯಾನ ಮೂರು ಸಲ ಹಿಂದ ಸರಿಸಿ ತೋರಿಸಿದ. ಅವನಿಗೆ ಬೇಕಾಗಿದ್ದ ಚಿತ್ರ ಅಲ್ಲಿ ಸಿಕ್ಕಿತ್ತು, ಜಗತ್ತ ಮುಳುಗಿ ಹೋದ ಕಥೆಯೊಳಗ.

"ಅಮೆರಿಕದ ಸೀರಿಯಲ್ ನಮಗ್ಯಾಕ" ಅನ್ನೋರಿಗೆ ಅಮೆರಿಕದ್ದs ಒಂದು ಕಥೆ ಹೇಳ್ತೀನಿ. 1966ರಲ್ಲಿ ಅಲ್ಲಿ "ಸ್ಟಾರ್ ಟ್ರೆಕ್" ಅಂತ ಸೀರಿಯಲ್ ಶುರುವಾಯಿತು. 23ನೇ ಶತಮಾನ, ನಕ್ಷತ್ರಗಳ ನಡುವೆ ಓಡಾಡುವ ಹಡಗು. ಅದರ ಅಧಿಕಾರಿಗಳಲ್ಲಿ ಒಬ್ಬಾಕೆ ಉಹುರಾ, ಕಪ್ಪು ಹೆಣ್ಣುಮಗಳು. ಪಾತ್ರ ಮಾಡಿದಾಕೆ ನಿಶೆಲ್ ನಿಕೋಲ್ಸ್. ಮೊದಲ ವರ್ಷ ಮುಗಿದ ಮೇಲೆ ಆಕೆ ಬಿಟ್ಟು ಹೋಗಬೇಕು ಅಂತ ನಿರ್ಧಾರ ಮಾಡಿದ್ದರು. ಆಗ ಮಾರ್ಟಿನ್ ಲೂಥರ್ ಕಿಂಗ್ ಭೇಟಿಯಾಗಿ, ಬಿಡಬೇಡ, ನಮ್ಮ ಜನ ಮುಂದಿನ ಕಾಲದಲ್ಲಿ ಹೆಂಗ ಇರಬೇಕೋ ಹಂಗ ನೀನು ಅಲ್ಲಿ ಕಾಣಿಸ್ತಿದ್ದೀಯ ಅನ್ನೋ ಅರ್ಥದ ಮಾತು ಹೇಳಿದ್ದನ್ನ ನಿಕೋಲ್ಸ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮತದ ಹಕ್ಕಿಗೆ, ಶಾಲೆಗೆ, ಬಸ್ಸಿನ ಸೀಟಿಗೆ ಬಡಿದಾಡುತ್ತಿದ್ದ ಮನುಷ್ಯ ಕಿಂಗ್. ಅವರಿಗೇನು ಕೆಲಸ ಇರಲಿಲ್ಲ ಅಂತ ಸೀರಿಯಲ್ ಬಗ್ಗೆ ಮಾತಾಡಿದ್ರ? 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್, ಚಿಕ್ಕಂದಿನಾಗ ಉಹುರಾ ಪಾತ್ರ ನೋಡಿ ಬೆಳೆದವರು.

ನಾನು ಮತದಾರರ ಪಟ್ಟಿ ಪರಿಷ್ಕರಣೆ ಕೆಲಸ ಮಾಡಿದ ಗುಮಾಸ್ತ. ಪಟ್ಟಿಯೊಳಗ ಹೆಸರಿಲ್ಲ ಅಂದ್ರ ನಮ್ಮ ಲೆಕ್ಕದಾಗ ಎರಡ ಅರ್ಥ: ಒಂದೋ ಮನುಷ್ಯ ಸತ್ತಾನ, ಇಲ್ಲಾ ಊರು ಬಿಟ್ಟಾನ. ಮುಂದಿನ ಕಾಲದ ಕಥೆನೂ ಒಂದು ಪಟ್ಟಿನ. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಕೂಡಿ ಬಾಳೋದು ಆ ಪಟ್ಟಿಯೊಳಗ ಇಲ್ಲ ಅಂದ್ರ, ಇದು ಈ ಕಾಲದ ಒಂದು ರೋಗ, ಮುಂದ ವಾಸಿ ಆಗ್ತದ ಅಂತ ಹೇಳಿದಂಗ.

ಆ ಹಡಗಿನ ಪಟ್ಟಿ ನೋಡ್ರಿ. ಕಪ್ಪು ಹೆಂಗಸಿಗೆ 1966ರಲ್ಲಿ ಜಾಗ ಸಿಕ್ಕಿತು. ಸುಲು ಅನ್ನೋ ಏಷ್ಯಾ ಮೂಲದ ಅಧಿಕಾರಿಗೂ ಸಿಕ್ಕಿತು. ಗೇ ಸಂಗಾತಿಗಳು ಆ ಟಿವಿ ಸರಣಿಯ ಮುಖ್ಯ ಪಾತ್ರಗಳಾಗಿ ಬಂದದ್ದು 2017ರಲ್ಲಿ, "ಡಿಸ್ಕವರಿ" ಅನ್ನೋ ಹೊಸ ಸರಣಿಯಲ್ಲಿ. 51 ವರ್ಷ! ಹಸಿರು ಮೈಯವರು, ಚೂಪು ಕಿವಿಯವರು, ಹಣೆ ಮೇಲೆ ಎಲುಬು ಎದ್ದವರು ಎಲ್ಲಾರೂ ಬಂದು ಹೋದರು. ಇವರು ಬರಲಿಲ್ಲ.

ಬರಲಿಲ್ಲ ಅಂತಲೂ ಪೂರ್ತಿ ಹೇಳಾಕಾಗಂಗಿಲ್ಲ. ಸುಲು ಪಾತ್ರ ಮಾಡಿದ ಜಾರ್ಜ್ ಟಕೇಯ್ ಸ್ವತಃ ಗೇ. ಎರಡನೇ ಮಹಾಯುದ್ಧದ ಕಾಲಕ್ಕ ಜಪಾನಿ ಮೂಲದವರು ಅನ್ನೋ ಒಂದೇ ಕಾರಣಕ್ಕ ಅಮೆರಿಕ ಸರ್ಕಾರ ಆ ಕುಟುಂಬವನ್ನ ಶಿಬಿರಕ್ಕ ತಳ್ಳಿತ್ತು. ಐದು ವರ್ಷದ ಹುಡುಗ ಮೊದಲಿಗೆ ಕುದುರೆ ಲಾಯದಾಗ ಮಲಗಬೇಕಾಯಿತು. ಅಂಥ ಮನುಷ್ಯ ದೊಡ್ಡವನಾಗಿ ಮುಂದಿನ ಕಾಲದ ಹಡಗಿನ ಚುಕ್ಕಾಣಿ ಹಿಡಿದ ಪಾತ್ರ ಮಾಡಿದ. ಹುಟ್ಟಿನ ಗುರುತು ತೆರೆ ಮೇಲೆ ಬಂತು. ಪ್ರೀತಿಯ ಗುರುತನ್ನ ಸಾರ್ವಜನಿಕವಾಗಿ ಹೇಳಿಕೊಂಡದ್ದು 2005ರಲ್ಲಿ, ಹತ್ತಿರ ಎಪ್ಪತ್ತರ ವಯಸ್ಸಿಗೆ. 2016ರ ಸಿನಿಮಾದಾಗ ಅದ ಸುಲು ಪಾತ್ರಕ್ಕ ಒಬ್ಬ ಗಂಡ, ಒಬ್ಬ ಮಗಳು ಇದ್ದಾರ ಅಂತ ತೋರಿಸಿದರು. ಟಕೇಯ್‌ಗೆ ಅದು ಹಿಡಿಸಲಿಲ್ಲ. ಹಳೇ ಪಾತ್ರ ತಿದ್ದೋದು ಬ್ಯಾಡ, ಹೊಸ ಪಾತ್ರ ಬರೀರಿ ಅನ್ನೋದು ಅವರ ವಾದ. ನನಗ ಅವರ ವಾದ ಸರಿ ಅನ್ನಿಸ್ತದ. ಹಳೇ ಮನಿಗೆ ಬಣ್ಣ ಹಚ್ಚಿ ಹೊಸ ಮನಿ ಕೊಟ್ವಿ ಅನ್ನೋ ಯೋಜನೆಗಳನ್ನ ನಾವು ಬಾಳ ನೋಡೀವಿ.

ನಡುವೆ ಪ್ರಯತ್ನ ನಡೆದಿರಲಿಲ್ಲ ಅಂತಲ್ಲ. 1987ರಲ್ಲಿ ಡೇವಿಡ್ ಜೆರಾಲ್ಡ್ ಅನ್ನೋ ಲೇಖಕ, ಏಡ್ಸ್ ಭೀತಿ ಜೋರಿದ್ದ ಕಾಲಕ್ಕ, ಗೇ ಜೋಡಿ ಇರೋ ಒಂದು ಕಂತು ಬರೆದುಕೊಟ್ಟರು. ಚಿತ್ರೀಕರಣ ಆಗಲೇ ಇಲ್ಲ. 1992ರಲ್ಲಿ "ದಿ ಔಟ್‌ಕಾಸ್ಟ್" ಅನ್ನೋ ಕಂತು ಬಂತು. ಹೆಸರು ನೋಡ್ರಿ, ಜಾತಿ ಹೊರಗಿನವ ಅಂತ! ಗಂಡು ಹೆಣ್ಣು ಅನ್ನೋ ಭೇದವೇ ಇಲ್ಲದ ಒಂದು ಲೋಕ, ಅಲ್ಲಿ ತನ್ನನ್ನ ಹೆಣ್ಣು ಅಂತ ತಿಳಿದುಕೊಂಡ ಒಂದು ಜೀವ ನಾಯಕನನ್ನ ಪ್ರೀತಿಸ್ತದ. ಆ ಲೋಕದವರು ಅದನ್ನ ಹಿಡಿದು "ಚಿಕಿತ್ಸೆ" ಕೊಟ್ಟು ಸರಿ ಮಾಡಿಬಿಡ್ತಾರ. ಗೇ ಜನರ ಸಂಕಟ ಹೇಳೋ ಕಥೆ ಅಂತ ಎಲ್ಲಾರಿಗೂ ಗೊತ್ತಾಯಿತು, ಆದರೆ ತೆರೆ ಮೇಲೆ ಕಂಡದ್ದು ಗಂಡು ನಟ, ಹೆಣ್ಣು ನಟಿ. ಆ ಪಾತ್ರವನ್ನ ಗಂಡಸು ಮಾಡಬೇಕಿತ್ತು ಅಂತ ನಾಯಕನ ಪಾತ್ರ ಮಾಡಿದ ಜೊನಾಥನ್ ಫ್ರೇಕ್ಸ್ ಆಮೇಲೆ ಹೇಳಿದರು. ನಮ್ಮ ನೋವನ್ನ ಬ್ಯಾರೆಯವರ ಮುಖದ ಮೇಲೆ ಹಚ್ಚಿ ತೋರಿಸೋ ಸಿನಿಮಾ ನಮ್ಮಲ್ಲೂ ಅದಾವ ಅಲ್ರೀ, ಹಂಗ.

ಕೊನೆಗೆ 2017ರಲ್ಲಿ ಬಂದವರು ಪಾಲ್ ಸ್ಟಾಮೆಟ್ಸ್ ಅನ್ನೋ ವಿಜ್ಞಾನಿ, ಹ್ಯೂ ಕಲ್ಬರ್ ಅನ್ನೋ ವೈದ್ಯ. ಪಾತ್ರ ಮಾಡಿದ ಆಂಥನಿ ರ‍್ಯಾಪ್, ವಿಲ್ಸನ್ ಕ್ರೂಜ್ ಇಬ್ಬರೂ ನಿಜ ಜೀವನದಾಗೂ ಆ ಸಮುದಾಯದವರ. ಅವರಿಬ್ಬರ ಮೊದಲ ಖಾಸಗಿ ದೃಶ್ಯ ಏನು ಗೊತ್ತೇನು? ರಾತ್ರಿ ಮಲಗೋ ಮುಂದ ಕನ್ನಡಿ ಎದುರಿಗೆ ನಿಂತು ಹಲ್ಲು ತಿಕ್ಕೋದು. ಅಷ್ಟ. ಆ ಅಷ್ಟಕ್ಕ 51 ವರ್ಷ. ಮತ್ತ ಕೆಲವೇ ತಿಂಗಳು, 2018ರ ಜನವರಿಯಲ್ಲಿ ಕಲ್ಬರ್‌ನ ಕುತ್ತಿಗೆ ಮುರಿದು ಕೊಂದರು. ಜನ ಗದ್ದಲ ಎಬ್ಬಿಸಿದರು, ಅವನು ವಾಪಸ್ ಬರ್ತಾನ ಅಂತ ಮಾಡಿದವರು ಆಗಲೇ ಹೇಳಬೇಕಾಯಿತು. 2019ರಲ್ಲಿ ಬದುಕಿ ಬಂದ.

ಈ ಸಾವುಗಳದೇ ಒಂದು ದೊಡ್ಡ ಕಥೆ. 2016ರ ಮಾರ್ಚಿನಲ್ಲಿ "ದಿ ಹಂಡ್ರೆಡ್" ಸೀರಿಯಲ್‌ನಲ್ಲಿ ಲೆಕ್ಸಾ ಅನ್ನೋ ಹೆಣ್ಣು ಸೇನಾಪತಿ, ತಾನು ಪ್ರೀತಿಸಿದ ಹುಡುಗಿಯ ಜೋಡಿ ಕೂಡಿದ ಮರುಗಳಿಗೆಗೆ, ಬ್ಯಾರೆ ಯಾರಿಗೋ ಹೊಡೆದ ಗುಂಡು ತಾಗಿ ಸತ್ತಳು. ಆ ಪಾತ್ರ ನೋಡಿ ಉಸಿರು ಹಿಡಿದುಕೊಂಡಿದ್ದ ಹುಡುಗಿಯರು ಜಗತ್ತಿನಾದ್ಯಂತ ಸಿಟ್ಟಿಗೆದ್ದರು. ಬರೇ ಬೈದು ಸುಮ್ಮನಾಗಲಿಲ್ಲ, ಆತ್ಮಹತ್ಯೆಯ ಅಂಚಿಗೆ ಬಂದ ಮಕ್ಕಳಿಗೆ ಸಹಾಯ ಮಾಡೋ ಟ್ರೆವರ್ ಪ್ರಾಜೆಕ್ಟ್ ಅನ್ನೋ ಸಂಸ್ಥೆಗೆ ಹಣ ಕೂಡಿಸಿಕೊಟ್ಟರು. "ಒಂದು ಪಾತ್ರ ಸತ್ತರೆ ಇಷ್ಟ್ಯಾಕ" ಅಂತ ಕೇಳೋರು ನಮ್ಮ ಸಿನಿಮಾಗಳನ್ನ ನೆನಪು ಮಾಡ್ಕೋರಿ. ಕೇರಿಯ ಮುದುಕ, ಕೇರಿಯ ಹುಡುಗಿ, ನಾಯಕನ ನಂಬಿಗಸ್ತ ಆಳು: ಮಧ್ಯಂತರಕ್ಕ ಮುಂಚೆ ಸಾಯ್ತಾರ. ನಾಯಕನಿಗೆ ಸಿಟ್ಟು ಬರಲಿ ಅಂತ ಸಾಯ್ತಾರ. ನಮ್ಮ ಹೆಣ ಅವರ ಕಥೆಗೆ ಮೆಟ್ಟಿಲು. ಗೇ ಪಾತ್ರಗಳಿಗೂ ಇದ ಕೆಲಸ ಕೊಟ್ಟಿದ್ದರು.

ಅದಕ್ಕ ಯಾರು ಬರೀತಾರ ಅನ್ನೋದು ಮುಖ್ಯ. ಬ್ರಿಟನ್ನಿನ "ಡಾಕ್ಟರ್ ಹೂ" ಸೀರಿಯಲ್ ಅನ್ನು 2005ರಲ್ಲಿ ಮತ್ತ ಶುರು ಮಾಡಿದ ರಸೆಲ್ ಟಿ. ಡೇವಿಸ್ ಸ್ವತಃ ಗೇ. ಅದರಾಗ ಬಂದ ಕ್ಯಾಪ್ಟನ್ ಜ್ಯಾಕ್ ಗಂಡು ಹೆಣ್ಣು ಅನ್ನದ ಎಲ್ಲಾರನ್ನೂ ಪ್ರೀತಿಸ್ತಾನ, ಮತ್ತ ಅವನಿಗೆ ಸಾವ ಇಲ್ಲ! ಎಷ್ಟು ಸಲ ಕೊಂದರೂ ಎದ್ದು ಕೂಡ್ತಾನ. ಇದು ಸಮುದಾಯದವ ಮಾತ್ರ ಬರೆಯೋ ಚೇಷ್ಟೆ ಅಂತ ನನಗ ಅನ್ನಿಸ್ತದ. ಆದರೆ ನಮ್ಮವ ಬರೆದರೆ ಎಲ್ಲಾ ಸರಿ ಆಗ್ತದ ಅಂತಲೂ ತಿಳೀಬ್ಯಾಡ್ರಿ. ಅದ ಡೇವಿಸ್ 2009ರಲ್ಲಿ "ಟಾರ್ಚ್‌ವುಡ್" ಸರಣಿಯೊಳಗ ಜ್ಯಾಕ್‌ನ ಪ್ರಿಯಕರ ಇಯಾಂಟೋನನ್ನ ಸಾಯಿಸಿದ. ಕಾರ್ಡಿಫ್ ಬಂದರಿನ ಒಂದು ಗೋಡೆಗೆ ಜನ ಚೀಟಿ, ಹೂವು ಕಟ್ಟಿ ಅವನ ಸಮಾಧಿ ಮಾಡಿದರು. ಇಲ್ಲದ ಮನುಷ್ಯನಿಗೆ ಸಮಾಧಿ. ಮರಾಠಿಯ "ಫಂಡ್ರಿ" ನೋಡಿದವರಿಗೆ ಗೊತ್ತು, ನಾಗರಾಜ ಮಂಜುಳೆ ಅದರ ಕೊನೆಗೆ ಹುಡುಗನ ಕೈಯಾಗ ಕಲ್ಲು ಕೊಟ್ಟು ಕ್ಯಾಮೆರಾದ ಕಡೆ, ಅಂದ್ರ ನಮ್ಮ ಕಡೆನ ಒಗೆಸಿದರು. ಜಬ್ಯಾ ಸಾಯಲಿಲ್ಲ. "ಸೈರಾಟ್"ನಾಗ ಜೋಡಿ ಸತ್ತಿತು, ಆದರೆ ಆ ಸಾವು ಯಾರ ಕಥೆಗೂ ಮೆಟ್ಟಿಲಾಗಲಿಲ್ಲ. ಸಾವು ಇರಬಾರದು ಅಂತ ನಾ ಹೇಳ್ತಿಲ್ಲ. ಯಾರ ಸಲುವಾಗಿ ಸಾಯ್ತಾರ ಅನ್ನೋದನ್ನ ಕೇಳ್ರಿ.

ಟಿವಿಗಿಂತ ಪುಸ್ತಕ ಮುಂದ ಇತ್ತು ಅನ್ನೋದನ್ನೂ ಹೇಳಬೇಕು. ಸ್ಯಾಮುಯೆಲ್ ಡೆಲನಿ ಕಪ್ಪು ಮನುಷ್ಯ, ಗೇ, 1960ರ ದಶಕದಾಗ ವೈಜ್ಞಾನಿಕ ಕಾದಂಬರಿ ಬರೆದು ದೊಡ್ಡ ದೊಡ್ಡ ಪ್ರಶಸ್ತಿ ತಗೊಂಡವರು. ಅವರ "ನೋವಾ" ಕಾದಂಬರಿಯನ್ನ ಒಬ್ಬ ಹೆಸರಾಂತ ಸಂಪಾದಕ ಧಾರಾವಾಹಿಯಾಗಿ ಹಾಕಲಿಲ್ಲ. ಕಪ್ಪು ನಾಯಕನನ್ನ ನಮ್ಮ ಓದುಗರು ಒಪ್ಪಂಗಿಲ್ಲ ಅನ್ನೋದು ಕಾರಣ. "ನನಗೇನೂ ಇಲ್ಲರಿ, ಮಂದಿ ಒಪ್ಪಂಗಿಲ್ಲ" ಅನ್ನೋ ಮಾತು ಬಾಡಿಗಿ ಮನಿ ಹುಡುಕಿದ ನಮಗೆಲ್ಲಾ ಬಾಯಿಪಾಠ.

ಇನ್ನ ನಮ್ಮ ದೇಶಕ್ಕ ಬರೋಣು.

"ಸೆನ್ಸ್8" ಅಂತ ನೆಟ್‌ಫ್ಲಿಕ್ಸ್ ಸೀರಿಯಲ್, 2015ರದು. ಜಗತ್ತಿನ ಎಂಟು ಕಡೆಯ ಎಂಟು ಮಂದಿ ಒಬ್ಬರ ಮನಸ್ಸು ಒಬ್ಬರಿಗೆ ಕೇಳಿಸುವಂಗ ಬೆಸೆದಿರ್ತಾರ. ಮಾಡಿದವರಲ್ಲಿ ವಚೋವ್‌ಸ್ಕಿಗಳಿಬ್ಬರೂ ಟ್ರಾನ್ಸ್ ಹೆಣ್ಣುಮಕ್ಕಳು. ಮೆಕ್ಸಿಕೋದ ನಟ ಲೀಟೋ ಗೇ ಅನ್ನೋದನ್ನ ಮುಚ್ಚಿಟ್ಟು ಬದುಕ್ತಾನ. ಸ್ಯಾನ್ ಫ್ರಾನ್ಸಿಸ್ಕೋದ ನೋಮಿ ಟ್ರಾನ್ಸ್ ಹುಡುಗಿ, ಆಕಿ ತಾಯಿನ ಆಕಿನ್ನ ಆಸ್ಪತ್ರೆಗೆ ಒಪ್ಪಿಸ್ತಾಳ, ಮೆದುಳು ಕೊಯ್ಯಾಕ ತಯಾರಿ ಮಾಡ್ತಾರ. ಆ ದೃಶ್ಯ ನೋಡಿದಾಗ ನಮ್ಮ ಕಡೆ ದೇವರು ಕೇಳಿಸೋದು, ತಾಯತ ಕಟ್ಟಿಸೋದು, "ಮದುವಿ ಮಾಡಿದ್ರ ಸರಿ ಹೋಗ್ತಾನ" ಅನ್ನೋದು ನೆನಪಾಯಿತು. ಬಾಳ ಚಲೋ ಸೀರಿಯಲ್. ಆದರೆ ನಮ್ಮ ದೇಶದ ಪಾಲಿಗೆ ಬಂದದ್ದು ಏನು? ಮುಂಬೈಯ ಕಲಾ: ಔಷಧ ಕಂಪನಿಯ ನೌಕರಿ, ಗಣಪತಿ ಭಕ್ತಿ, ಮದುವಿ ಮಂಟಪ, ಡಾನ್ಸು. ಗೇ ಪ್ರೀತಿ ಮೆಕ್ಸಿಕೋಕ್ಕ, ಅರಿಶಿಣ ಕುಂಕುಮ ಭಾರತಕ್ಕ.

ನಮ್ಮವರ ಮುಂದಿನ ಕಾಲದ ಕಥೆ ಮಾಡಿದಾಗ? 2019ರ "ಲೈಲಾ" ನೋಡ್ರಿ. ಪ್ರಯಾಗ್ ಅಕ್ಬರ್ ಅವರ ಕಾದಂಬರಿ, ನಿರ್ದೇಶಕರಲ್ಲಿ ದೀಪಾ ಮೆಹ್ತಾ ಒಬ್ಬರು. ಆರ್ಯಾವರ್ತ ಅನ್ನೋ ದೇಶ, ಕುಲಕ್ಕೊಂದು ಗೋಡೆ, ರಕ್ತ ಶುದ್ಧಿಯ ಹುಚ್ಚು, ಗೋಡೆ ಹೊರಗ ನೀರಿಗೆ ಸಾಯೋ ಮಂದಿ. ಟ್ಯಾಂಕರ್ ನೀರಿಗೆ ಕೊಡ ಸಾಲು ಹಚ್ಚಿ ಬೆಳೆದ ನಮಗ ಅದು ಮುಂದಿನ ಕಾಲ ಅನ್ನಿಸಲಿಲ್ಲ, ಬಿಡ್ರಿ. ಜಾತಿ ಮುಂದಿನ ಕಾಲದಾಗೂ ಇರ್ತದ ಅಂತ ಒಪ್ಪಿಕೊಂಡದ್ದಕ್ಕ ಆ ಸೀರಿಯಲ್ ಮೆಚ್ಚಬೇಕು. ಆದರೆ ಕಥೆ ನಡೆಯೋದು ಗೋಡೆ ಒಳಗಿಂದ ಹೊರಗ ಬಿದ್ದ ಶ್ರೀಮಂತ ಹೆಣ್ಣುಮಗಳ ಕಣ್ಣಿನಿಂದ. ಹುಟ್ಟಿದಾಗಿಂದ ಗೋಡೆ ಹೊರಗ ಇದ್ದವರು ಹಿಂದಿನ ಗದ್ದಲದ ಭಾಗ.

ವೈಜ್ಞಾನಿಕ ಕಥೆ ಅಲ್ಲದಿದ್ದರೂ "ಮೇಡ್ ಇನ್ ಹೆವನ್" ಹೆಸರು ತಗೋಬೇಕು. 2019ರಲ್ಲಿ ಅದರಾಗ ಕರಣ್ ಅನ್ನೋ ಗೇ ಮನುಷ್ಯ ನಾಯಕ, ದೆಹಲಿಯ ಇಂಗ್ಲಿಷ್ ಮಾತಾಡೋ ವರ್ಗ. 2023ರ ಎರಡನೇ ಸರಣಿಯಲ್ಲಿ ನೀರಜ್ ಘಾಯ್ವಾನ್ ನಿರ್ದೇಶನದ ಒಂದು ಕಂತಿನಾಗ ದಲಿತ ವಧು, ಬೌದ್ಧ ವಿಧಿಯ ಮದುವೆ. ಬಾಬಾಸಾಹೇಬರ ಫೋಟೋ ಟಿವಿ ಮದುವೆಯೊಳಗ ನೋಡಿ ನಮ್ಮ ಮನಿಯವರ ಕಣ್ಣಾಗ ನೀರು ಬಂತು. ಆದರೆ ಲೆಕ್ಕ ಹಾಕ್ರಿ: ಗೇ ಮನುಷ್ಯ ಮ್ಯಾಲಿನ ವರ್ಗದವ, ದಲಿತ ಹೆಣ್ಣುಮಗಳು ಗಂಡಿನ ಮದುವಿ ಆಗ್ತಾಳ. ಎರಡೂ ಒಂದೇ ಸೀರಿಯಲ್‌ನಾಗ ಬಂದ್ವು, ಒಂದೇ ಮೈಯಾಗ ಬರಲಿಲ್ಲ. ಒಂದೇ ಮೈಯಾಗ ತಂದದ್ದು ಅದ ಘಾಯ್ವಾನ್, 2021ರ "ಗೀಲಿ ಪುಚ್ಚಿ"ಯಲ್ಲಿ. ಕೊಂಕಣಾ ಸೇನ್ ಶರ್ಮಾ ಮಾಡಿದ ಭಾರತಿ ಮಂಡಲ್, ಕಾರ್ಖಾನೆ ಕೆಲಸದಾಕಿ, ದಲಿತಳು, ಹೆಣ್ಣನ್ನ ಪ್ರೀತಿಸೋಳು. ಆಕಿಗೆ ಯೋಗ್ಯತೆ ಇದ್ದ ಟೇಬಲ್ ಕೆಲಸ ಪ್ರಿಯಾ ಶರ್ಮಾಗೆ ಹೋಗ್ತದ. ಗುಮಾಸ್ತಿಕೆ ಮಾಡೋ ನನಗ ಆ ಕುರ್ಚಿಯ ಬೆಲೆ ಗೊತ್ತು. ಪ್ರಿಯಾಳ ಮನಿಯಾಗ ಭಾರತಿಗೆ ಮಾತ್ರ ಸ್ಟೀಲ್ ಕಪ್ಪಿನಾಗ ಚಾ ಬರ್ತದ. ಪ್ರೀತಿನೂ ಆ ಕಪ್ಪನ್ನ ದಾಟಲಿಲ್ಲ. ಗೇ ಹೋರಾಟದವರು ನೋಡಬೇಕಾದ ಸಿನಿಮಾ, ದಲಿತ ಹೋರಾಟದವರೂ ನೋಡಬೇಕಾದ ಸಿನಿಮಾ.

ಕನ್ನಡ ಟಿವಿ? ನಮ್ಮ ಟಿವಿಯೊಳಗ ಭವಿಷ್ಯ ಅಂದ್ರ ಬೆಳಿಗ್ಗೆ ಎದ್ದು ನೋಡೋ ದಿನಭವಿಷ್ಯ ಒಂದ. ಅದರಾಗ ಕನ್ಯಾ ರಾಶಿಗೆ ಕಂಕಣ ಭಾಗ್ಯ, ವೃಷಭಕ್ಕ ಸಂತಾನ. ಅಲ್ಲೂ ಗೇ ಮಂದಿಗೆ ರಾಶಿ ಇಲ್ಲ. ಸಂಜೆಗೆ ಕಾಮಿಡಿ ಶೋ ಹಚ್ಚಿದರ ಗಂಡಸು ಸೀರಿ ಉಟ್ಟು ಸೊಂಟ ತಿರುಗಿಸ್ತಾನ, ಕುಂತವರು ಬಿದ್ದು ಬಿದ್ದು ನಗ್ತಾರ. ಗಂಡು ಗಂಡನ್ನ ಪ್ರೀತಿಸೋದು ಬ್ಯಾರೆ, ಗಂಡಂತ ಹುಟ್ಟಿಸಿಕೊಂಡ ಜೀವ ಹೆಣ್ಣಾಗಿ ಬದುಕೋದು ಬ್ಯಾರೆ. ಟಿವಿಯವರಿಗೆ ಎರಡೂ ಒಂದ, ಎರಡೂ ನಗೆಪಾಟಲು. ಸಾಹಿತ್ಯದಾಗ ಹಂಗಿಲ್ಲ. ವಸುಧೇಂದ್ರ "ಮೋಹನಸ್ವಾಮಿ" ಬರೆದು 2013ಕ್ಕ ಇಷ್ಟು ವರ್ಷ ಆಯಿತು. ದಲಿತ ಟ್ರಾನ್ಸ್ ಹೆಣ್ಣುಮಗಳು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ "ನಾನು ಅವನಲ್ಲ ಅವಳು" ಸಿನಿಮಾ ಆಯಿತು, ಸಂಚಾರಿ ವಿಜಯ್‌ಗೆ ರಾಷ್ಟ್ರ ಪ್ರಶಸ್ತಿ ಬಂತು. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿ ಅಧ್ಯಕ್ಷರಾದರು, ಪದ್ಮಶ್ರೀ ತಗೊಂಡರು. ರಾಜ್ಯ ಸರ್ಕಾರ 2021ರಲ್ಲಿ ನೇಮಕಾತಿ ನಿಯಮ ತಿದ್ದಿ ಟ್ರಾನ್ಸ್‌ಜೆಂಡರ್‌ಗಳಿಗೆ ಶೇ. 1 ಮೀಸಲಾತಿ ಇಟ್ಟಿತು. ಸರ್ಕಾರದ ಅರ್ಜಿ ನಮೂನೆ ಕನ್ನಡ ಸೀರಿಯಲ್‌ಗಿಂತ ಮುಂದ ಐತಿ, ಏನ್ ಹೇಳೋದು!

"ನಮ್ಮ ಕೇರಿಗೆ ತರಬ್ಯಾಡ" ಅಂದ ಹಿರಿಯರಿಗೆ ಕೈ ಮುಗಿದು ಕೇಳ್ತೀನಿ. ಬನದ ಹುಣ್ಣಿಮಿಗೆ, ಭಾರತ ಹುಣ್ಣಿಮಿಗೆ ನಮ್ಮ ಓಣಿಯಿಂದ ಸವದತ್ತಿಗೆ ಟೆಂಪೊ ಹೋಗ್ತಿದ್ದಾಗ ಪಡ್ಡಲಗಿ ಹೊತ್ತು ಮುಂದ ಕುಂಡ್ರೋ ಜೋಗಪ್ಪ ಯಾವ ದೊಡ್ಡೂರಿಂದ ಬಂದಿದ್ದ? ನಮ್ಮ ಅವ್ವಂದಿರು ಅವನ ಕಾಲು ಮುಟ್ಟಿ ನಮಸ್ಕಾರ ಮಾಡ್ತಿದ್ದರು. ದೇವರ ಹೆಸರು ಇದ್ದರ ಜಾಗ, ಇಲ್ಲದಿದ್ದರ ಕಲ್ಲು. ದೇವರ ಹೆಸರಿನಾಗ ಜಾಗ ಕೊಟ್ಟ ವ್ಯವಸ್ಥೆ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಏನು ಮಾಡಿತು ಅನ್ನೋದು ನಮಗಿಂತ ಯಾರಿಗೆ ಗೊತ್ತು? ಹಂಗಾಗಿ ನಮಗ ಬೇಕಾದ್ದು ದೇವರು ಕೊಟ್ಟ ಜಾಗ ಅಲ್ಲ, ಸಂವಿಧಾನ ಕೊಟ್ಟ ಜಾಗ.

ಬಾಬಾಸಾಹೇಬರ ವಿಚಾರಕ್ಕ ಬಂದರೆ, 1934ರಲ್ಲಿ ರ. ಧೋಂ. ಕರ್ವೆ ಅವರ ಮೇಲೆ "ಸಮಾಜ ಸ್ವಾಸ್ಥ್ಯ" ಪತ್ರಿಕೆಯ ಸಲುವಾಗಿ ಅಶ್ಲೀಲತೆಯ ಮೊಕದ್ದಮೆ ಹಾಕಿದರು. ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ಅಪರಾಧ. ಅದರಾಗ ಸಲಿಂಗ ಸಂಬಂಧದ ಪ್ರಶ್ನೆನೂ ಇತ್ತು. ಬಾಂಬೆ ಹೈಕೋರ್ಟಿನಾಗ ಕರ್ವೆ ಪರ ವಾದ ಮಾಡಿದವರು ಡಾ. ಬಿ.ಆರ್. ಅಂಬೇಡ್ಕರ್. ಲೈಂಗಿಕ ವಿಷಯ ಬರೆದದ್ದೆಲ್ಲಾ ಅಶ್ಲೀಲ ಅಲ್ಲ, ಜ್ಞಾನ ಕೊಡೋದು ತಪ್ಪಲ್ಲ ಅಂತ ವಾದಿಸಿದರು. ಮೊಕದ್ದಮೆ ಸೋತರು, ಕರ್ವೆಗೆ 200 ರೂಪಾಯಿ ದಂಡ ಬಿತ್ತು. ಇಸವಿ ನೋಡ್ರಿ: 1932ಕ್ಕ ಪೂನಾ ಒಪ್ಪಂದ, 1935ಕ್ಕ ಯೇವಲಾ ಘೋಷಣೆ, ಎರಡರ ನಡುವಿನ ಇಸವಿ. ಅವರ ತಲಿ ಮೇಲೆ ಎಷ್ಟು ಭಾರ ಇತ್ತು! "ಇದಕ್ಕ ಈಗ ಟೈಮಿಲ್ಲ, ಇದು ನಮ್ಮ ಹೋರಾಟ ಅಲ್ಲ" ಅಂತ ಅವರು ಹೇಳಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ಹಲ್ಲು ಕಿತ್ತಾಗ ಆಧಾರ ಮಾಡಿಕೊಂಡದ್ದೂ ಅವರು ಸಂವಿಧಾನ ಸಭೆಯಲ್ಲಿ ವಿವರಿಸಿದ ಸಾಂವಿಧಾನಿಕ ನೈತಿಕತೆಯನ್ನ. ಮದುವೆಯ ಹಕ್ಕನ್ನ 2023ರ ಅಕ್ಟೋಬರಿನಾಗ ಅದ ಕೋರ್ಟು ಕೊಡಲಿಲ್ಲ. ಹಂಗಾಗಿ ಆ ಹುಡುಗನ "ಆಮ್ಯಾಲೆ ಏನು" ಅನ್ನೋ ಪ್ರಶ್ನೆ ಕಾನೂನಿನೊಳಗೂ ಇನ್ನ ಬಾಕಿ ಐತಿ.

ಆ ಹುಡುಗ ಈಗ ಪುಣೆದಾಗ ಅದಾನ. ಮನಿಯವರು ಹೊಡೆದು ಕಳಿಸಲಿಲ್ಲ. ಒಂದು ಸಂಘಟನೆಯ ಕಾರ್ಯಕ್ರಮದಾಗ ಅವನ ಹೆಸರು ವೇದಿಕೆ ಪಟ್ಟಿಯಿಂದ ತೆಗೆದರು. "ಅವನ ಬಗ್ಗೆ ಮಂದಿ ಏನೋ ಮಾತಾಡ್ತಾರ" ಅನ್ನೋದು ಕಾರಣ. ಅವತ್ತ ರಾತ್ರಿ ಬಸ್ಸು ಹತ್ತಿದ. ಅವನು ಬರೆದ ಅರ್ಜಿಯ ಮೇಲೆ ಬಂದ ಆದೇಶದ ಫೋಟೋ ಹಾಕಿಕೊಂಡು ಅದ ಸಂಘಟನೆಯವರು ಅಭಿನಂದನೆ ಹಂಚಿಕೊಂಡರು. ಸ್ಮಶಾನದ ಜಾಗದ್ದ ಆದೇಶ ಅದು, ನನ್ನನ್ನ ಬೈದ ತಮ್ಮಾ. ಬ್ಯಾರೆ ಊರಿಂದು.

ಸಂತ ರವಿದಾಸರು ಬೇಗಂಪುರ ಅಂತ ದುಃಖ ಇಲ್ಲದ ಒಂದು ಊರನ್ನ ಕಲ್ಪಿಸಿಕೊಂಡರು, ಗೇಲ್ ಆಮ್ವೆಟ್ ಅದರ ಹುಡುಕಾಟದ ಬಗ್ಗೆ ಪುಸ್ತಕ ಬರೆದರು. ಮುಂದಿನ ಕಾಲದ ಕಥೆ ಕಟ್ಟೋದು ನಮಗ ಹೊಸದಲ್ಲ. ಹಂಗಾಗಿ ಬರೆಯೋ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳ್ತೀನಿ. 2075ರ ಟಿಕೋಟಾ ಬರೀರಿ. ಮಳಿ ಇನ್ನೂ ಕಮ್ಮಿ ಆಗೇತಿ, ದ್ರಾಕ್ಷಿ ಬಳ್ಳಿಗೆ ಹನಿ ಲೆಕ್ಕ ಹಾಕೋದು ಯಂತ್ರ. ತೋಟ ಕೇರಿಯವರ ಹೆಸರಿಗೆ ಪಹಣಿ ಆಗೇತಿ (ಇದು ವೈಜ್ಞಾನಿಕ ಕಥೆ ಅಂತ ಮೊದಲ ಹೇಳೀನಿ). ಒಣದ್ರಾಕ್ಷಿ ಶೆಡ್ಡಿನ ಬಾಗಲದಾಗ ಎಪ್ಪತ್ತು ದಾಟಿದ ಇಬ್ಬರು ಮುದುಕರು, ಗೋಡೆ ಮೇಲೆ ಬಾಬಾಸಾಹೇಬರ ಫೋಟೋ, ಚಾಕ್ಕ ಸಕ್ಕರಿ ಜಾಸ್ತಿ ಹಾಕಿದ್ದಕ್ಕ ಒಬ್ಬರಿಗೊಬ್ಬರು ಬೈದಾಡಾಕ್ಹತ್ತಾರ. ಕಂತಿನ ಕೊನೆಗೆ ಯಾರೂ ಸಾಯಬಾರದು, ಅಷ್ಟ ನನ್ನ ಶರತ್ತು.

ಕಥೆ, ಏಕಾಂಕ, ಹತ್ತು ನಿಮಿಷದ ಸಿನಿಮಾದ ಬರಹ, ಏನಾದರೂ ಇರಲಿ, ಇನ್‌ಬಾಕ್ಸಿಗೆ ಕಳಿಸ್ರಿ. ಹೆಸರು ಗುಟ್ಟಾಗಿ ಇಡಬೇಕು ಅಂದ್ರ ಇಡ್ತೀವಿ. ಬರೋ ತಿಂಗಳ ಓದೋ ಬಳಗದಾಗ ಮೊದಲ "ಗೀಲಿ ಪುಚ್ಚಿ" ನೋಡಿ, ಆಮೇಲೆ ಬಂದ ಕಥೆ ಓದೋಣು. ಬೈದ ಹಿರಿಯರಿಗೂ ಫೋನ್ ಮಾಡಿ ಕರೆದೀನಿ. ಬರ್ತೀನಿ ಅಂದಿಲ್ಲ, ಬರಂಗಿಲ್ಲ ಅಂತಲೂ ಅಂದಿಲ್ಲ.

ಜೈ ಭೀಮ್.